ಪೀಠದ ಪಕ್ಕದ ಬಾವುಟ

ಅನುಮಾನ ಅನ್ನೋದು ನನಗೆ ಸಕ್ಕರೆ ಕಾಯಿಲೆ ಥರ ವಂಶದಲ್ಲೇ ಬಂದದ್ದು. ನಮ್ಮಪ್ಪ ಹಾಲಿನವನ ಹಸುವಿನ ಮುಖ ಒಂದ್ಸಲ ನೋಡಿಯೇ ಚೊಂಬು ಒಡ್ಡುತ್ತಿದ್ದರು. ನಾನು ಅಷ್ಟಿಲ್ಲ. ಆದರೆ ಯಾರಾದರೂ ಕಾರಣವಿಲ್ಲದೆ ಒಳ್ಳೆಯ ಕೆಲಸಕ್ಕೆ ಹೊರಟರೆ ನನಗೆ ಊಟ ಸೇರೋದಿಲ್ಲ.

ಆ ವರ್ಷ ಆಗಸ್ಟ್ ಹದಿನೈದು ಭಾನುವಾರವೇ ಬಂತು. ಹಲಸೂರಿನ ನಮ್ಮ ಚರ್ಚಿನಲ್ಲಿ ಮೊದಲು ಕನ್ನಡ ಆರಾಧನೆ; ಅದು ಮುಗಿಯೋ ಹೊತ್ತಿಗೆ ತಮ್ಮ ಆರಾಧನೆಗೆ ಬಂದ ತಮಿಳಿನವರು ಬಾಗಿಲಲ್ಲಿ ಕೆಮ್ಮುತ್ತಾ ನಿಂತಿರುತ್ತಾರೆ. ಬಾವುಟ ಹಾರಿಸೋದೆಲ್ಲ ಮೊದಲಿಂದಲೂ ಹೊರಗೆ, ಕಾಂಪೌಂಡಿನಲ್ಲಿ. ಆಮೇಲೆ ಒಂದು ಲಾಡು, ಮನೆ. ಆ ಸಲ ಕಮಿಟಿ ಮೀಟಿಂಗಿನಲ್ಲಿ ಸುಬೇದಾರ್ ದೇವಪುತ್ರ ಎದ್ದು ನಿಂತರು. ಮಿಲಿಟರಿಯಿಂದ ರಿಟೈರಾಗಿ ಜೋಗುಪಾಳ್ಯದಲ್ಲಿ ಮನೆ ಮಾಡಿದ್ದವರು. "ಈ ಸಲ ಬಾವುಟ ಒಳಗೇ ಇರ್ಲಿ, ಪೀಠದ ಪಕ್ಕ. ಆರಾಧನೆ ಮಧ್ಯೆನೇ ರಾಷ್ಟ್ರಗೀತೆ ಹಾಡ್ಬಿಡೋಣ" ಅಂದರು.

ನನಗೆ ತಕ್ಷಣ ವಾಸನೆ ಹೊಡೆಯಿತು. ಮುಂದಿನ ತಿಂಗಳೇ ಚರ್ಚ್ ಸಭೆಯ ಕಾರ್ಯದರ್ಶಿ ಚುನಾವಣೆ. ಆ ಕುರ್ಚಿ ನನ್ನದು. ಆಫೀಸಿನಲ್ಲಿ ಪ್ಯೂನ್ ಕೂಡ ನನ್ನ ಮಾತು ಕೇಳೋನಲ್ಲ. ಭಾನುವಾರ ಮೈಕ್ ಹಿಡಿದು ಪ್ರಕಟಣೆ ಓದೋದೊಂದೇ ನನ್ನ ಜೀವನದ ಸುಖ. ಅದೂ ಹೋದರೆ ನಾನು ಯಾರು? ಈ ಮನುಷ್ಯ ಬಾವುಟ ಮುಂದಿಟ್ಟುಕೊಂಡು ನನ್ನ ಕುರ್ಚಿಗೆ ಕಣ್ಣು ಹಾಕಿದ್ದಾನೆ! ಬೇಡ ಅಂದರೆ ನಾನು ದೇಶದ್ರೋಹಿ, ಬೇಕು ಅಂದರೆ ಓಟೆಲ್ಲ ಅವನಿಗೆ. ಬಿಸಿತುಪ್ಪ, ನುಂಗೋ ಹಾಗೂ ಇಲ್ಲ, ಉಗುಳೋ ಹಾಗೂ ಇಲ್ಲ.

"ದೇವರ ಸನ್ನಿಧಿಯಲ್ಲಿ ಎಲ್ಲ ದೇಶದವರೂ ಒಂದೇ. ಅಲ್ಲಿ ಬಾವುಟ ಯಾಕ್ರೀ? ದೇಶ ನಮ್ಮದೇ ಅಂತ ಯಾರಿಗೆ ಪ್ರೂಫ್ ಕೊಡ್ಬೇಕು? ಸತ್ಯವೇದದಲ್ಲಿ ಎಲ್ಲೂ ಹೇಳಿಲ್ಲ" ಅಂದೆ. ಮಾತು ಚೆನ್ನಾಗಿಯೇ ಇತ್ತು, ಆ ಕ್ಷಣದವರೆಗೆ ಅದು ನನಗೆ ಹೊಳೆದಿರಲಿಲ್ಲ ಅಷ್ಟೆ.

"ಟ್ಯೂಬ್‌ಲೈಟ್ ಬಗ್ಗೆನೂ ಹೇಳಿಲ್ಲ ಸಾರ್" ಅಂದರು ಸುಬೇದಾರರು. ಕಮಿಟಿಗೆ ಕಮಿಟಿಯೇ ನಕ್ಕಿತು. ನಮ್ಮ ಪಾದ್ರಿ ಅಯ್ಯನವರು, "ಈ ಒಂದ್ಸಲ ನೋಡೋಣ" ಅಂದು ಪ್ರಾರ್ಥನೆ ಮಾಡಿ ಮೀಟಿಂಗ್ ಮುಗಿಸಿಬಿಟ್ಟರು.

ಮನೆಯಲ್ಲಿ ಹೆಂಡತಿ ಸುಗುಣ, "ಪಾಪ, ದೇಶಕ್ಕೆ ದುಡಿದವರು, ಆಸೆ ಇರುತ್ತೆ. ನಿಮಗೆ ಎಲ್ಲದ್ರಲ್ಲೂ ಹುಳುಕೇ ಕಾಣ್ಸೋದು" ಅಂದಳು. ಅವಳ ಮೇಲೂ ಸಣ್ಣದೊಂದು ಅನುಮಾನ ಬಂತು. ಓಟು ಅವಳಿಗೂ ಇದೆಯಲ್ಲ!

ಭಾನುವಾರ ಸುಬೇದಾರರು ಮೆಡಲುಗಳನ್ನೆಲ್ಲ ಚುಚ್ಚಿಕೊಂಡು ಬಂದರು. ಪ್ರಚಾರ, ಶುದ್ಧ ಪ್ರಚಾರ! ಹಾರ್ಮೋನಿಯಂ ನುಡಿಸೋ ಅಮ್ಮ ರಾಷ್ಟ್ರಗೀತೆಯನ್ನೂ ಕೀರ್ತನೆಯ ಹಾಗೆ ನಿಧಾನವಾಗಿ ಎಳೆದರು. ಎಲ್ಲರೂ ನೆಟ್ಟಗೆ ನಿಂತು ಹಾಡಿದರು. ನಾನೂ ಹಾಡಿದೆ, ಕಣ್ಣು ಮಾತ್ರ ಸುಬೇದಾರರ ಮೇಲೆ. ಯಾರ ಕಡೆ ನೋಡಿ ಓಟು ಎಣಿಸ್ತಿದ್ದಾರೋ ಅಂತ. ಅವರು ಯಾರನ್ನೂ ನೋಡಲಿಲ್ಲ. ಹಾಡು ಮುಗಿಯಿತು. ನಮ್ಮ ಸಭೆಯಲ್ಲಿ ತಲೆತಲಾಂತರದಿಂದ ಯಾವ ಹಾಡು ಮುಗಿದರೂ ಒಂದು ಮಾತು ಹೇಳಿಯೇ ಕೂರೋದು ರೂಢಿ. ನಿಶ್ಶಬ್ದದಲ್ಲಿ ಒಂದೇ ಒಂದು ಗಂಟಲು ಮೊಳಗಿತು: "ಆ...ಮೆನ್!"

ಅದು ನನ್ನದು. ಹಿಂದೆಯೇ ಇಡೀ ಸಭೆ ಆಮೆನ್ ಅಂದಿತು. ಬಾಗಿಲಲ್ಲಿದ್ದ ತಮಿಳಿನವರೂ ಅಂದರು. ಅಯ್ಯೋ ದೇವರೇ, ರಾಷ್ಟ್ರಗೀತೆಗೆ ಅವಮಾನ! ಕುರ್ಚಿಯಂತೂ ಹೋಯಿತು, ಇನ್ನು ಪೊಲೀಸರು ಬರೋದೊಂದು ಬಾಕಿ ಅಂದುಕೊಂಡೆ.

ಆರಾಧನೆ ಮುಗಿದ ಮೇಲೆ ಸುಬೇದಾರರು ನೇರ ಬಂದು ಕೈ ಹಿಡಿದರು. ಕಣ್ಣು ಒದ್ದೆ. "ಸಾರ್, ಮಿಲಿಟರಿ ಸರ್ವೀಸ್ ಪೂರ್ತಿ ಈ ಹಾಡಿಗೆ ಅಟೆನ್ಷನ್‌ನಲ್ಲಿ ನಿಂತೆ. ಇದೂ ಪ್ರಾರ್ಥನೆ ಅಂತ ಇವತ್ತು ನೀವು ತೋರ್ಸಿದ್ರಿ. ಚುನಾವಣೆಗೆ ನಿಲ್ಲಿ ಅಂತ ನನಗೆ ಕೆಲವರು ಹೇಳ್ತಿದ್ರು. ನಾನು ನಿಲ್ಲಲ್ಲ. ನೀವೇ ಇರ್ಬೇಕು."

ಮುಂದಿನ ತಿಂಗಳು ಅವಿರೋಧವಾಗಿ ಗೆದ್ದೆ. ಆದರೂ ಮನಸ್ಸು ಕೊರೆಯುತ್ತಿತ್ತು. "ಅಷ್ಟು ಸುಲಭವಾಗಿ ಬಿಟ್ಟುಕೊಟ್ಟರಲ್ಲ, ಏನೋ ಇದೆ ಕಣೆ" ಅಂದೆ ಸುಗುಣಳಿಗೆ. ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ, "ಅವರದ್ದು ಬಿಡಿ. ನೀವು ಆಮೆನ್ ಅಂದಿದ್ದು ಯಾರಿಗೆ? ದೇವರಿಗಾ, ಬಾವುಟಕ್ಕಾ, ಕುರ್ಚಿಗಾ?" ಅಂದಳು.

"ಸುಮ್ನೆ ಬಾಯ್ತಪ್ಪಿ ಬಂತು ಕಣೆ" ಅಂದೆ. ಅವಳು ನಂಬಿದಳು. ನಾನು ನಂಬಲಿಲ್ಲ.