ಬಾಕಿ ಉಳಿದ ತೋಳು

ಸ್ವೆಟರಿಗೆ ಎರಡು ತೋಳು ಬೇಕೆಂಬುದು ಅರ್ಧಣ್ಣನಿಗೆ ಗೊತ್ತಿರಲಿಲ್ಲವೆಂದಲ್ಲ. ನೂಲಿಗೆ ಗೊತ್ತಿರಲಿಲ್ಲ, ಅಷ್ಟೇ. ಮೊದಲ ತೋಳಿಗೇ ಅದು ಮುಗಿದು ಕೂತಿತ್ತು.

ಅರ್ಧಣ್ಣ ಎಂಬುದು ಹೆತ್ತವರಿಟ್ಟ ಹೆಸರಲ್ಲ, ಬೀದಿಯವರ ಕೊಡುಗೆ. ಗೇಟಿಗೆ ಅರ್ಧ ಬಣ್ಣ ಬಳಿದು ಬಿಟ್ಟವನು, ಕೊಳಲನ್ನು ಅರ್ಧ ಕಲಿತು ಅಕ್ಕಪಕ್ಕದವರನ್ನು ಪೂರ್ತಿ ಗೋಳು ಹೊಯ್ದುಕೊಂಡವನು. ನಿವೃತ್ತನಾದ ಮೇಲಂತೂ ಏನಾದರೊಂದು ಶುರು ಮಾಡುವುದಕ್ಕೆ ಪುರುಸೊತ್ತೋ ಪುರುಸೊತ್ತು. ಇಂಥವನು ಮಗಳ ಅತ್ತೆಗೆ ಫೋನಿನಲ್ಲಿ, "ಮೊಮ್ಮಗಳು ಮೊದಲನೇ ಸಲ ನಮ್ಮನೆಗೆ ಬರ್ತಿದ್ದಾಳೆ ಬೀಗ್ರೇ. ನಾನೇ ಹೆಣೆದ ಸ್ವೆಟರ್ ಹಾಕ್ತೀನಿ" ಎಂದುಬಿಟ್ಟಿದ್ದ.

"ಪೂರ್ತಿ ಸ್ವೆಟರಾ?" ಎಂದು ಕೇಳಿ ಆಕೆ ನಕ್ಕಿದ್ದರು.

ಆ ನಗು ಅವನಿಗೆ ನಾಟಿತ್ತು. ಮೊಮ್ಮಗಳಾದರೂ ತಾತನನ್ನು ಒಂದು ಕೆಲಸ ಮುಗಿಸಿದವನೆಂದು ತಿಳಿಯಲಿ ಎಂಬ ಆಸೆ ಅವನದು. ಹಿಂದೆ ಮನೆಯವರ ಸ್ವೆಟರುಗಳಿಗೆ ತಂದು ಉಳಿದಿದ್ದ ಚೂರುಪಾರು ನೂಲಿನ ಉಂಡೆಗಳನ್ನೆಲ್ಲ ಕೂಡಿಹಾಕಿ, ಮಹಡಿ ಮೇಲಿನ ಟೀಚರಮ್ಮನ ಹತ್ತಿರ ಹೆಣೆಯುವುದನ್ನು ಕಲಿತ. ಎದೆ ನೀಲಿ, ಬೆನ್ನು ಹಸಿರು, ಒಂದು ತೋಳು ಕಂದು. ಇನ್ನೊಂದು ತೋಳಿನ ಜಾಗದಲ್ಲಿ ತೂತು. ಅವರೆಲ್ಲ ಬರುವುದು ಇವತ್ತೇ!

"ರೀ, ಮುಗೀತಾ?" ಬಸ್ ಸ್ಟ್ಯಾಂಡಿಗೆ ಹೊರಟ ಹೆಂಡತಿ ಕೇಳಿದಳು.

"ಇನ್ನೇನು, ಒಂದು ತೋಳು."

ಅವಳು ಮುಗುಳ್ನಕ್ಕು ಹೋದಳು. ಬೈದಿದ್ದರೇ ವಾಸಿಯಿತ್ತು.

ಅಷ್ಟರಲ್ಲಿ ಟೀಚರಮ್ಮ ಕೆಳಗಿಳಿದು ಬಂದರು. "ಅಯ್ಯೋ, ತೋಳು ಇಷ್ಟುದ್ದಾನಾ?"

"ಮಕ್ಕಳು ಬೆಳೀತಾರೆ, ಉದ್ದ ಇರ್ಲಿ ಅಂದೋರು ನೀವೇ ಅಲ್ವಾ?"

"ಬೆಳೀತಾರೆ ಅಂದೆ, ಮಂಗ ಆಗ್ತಾರೆ ಅಂದ್ನಾ?"

ಎದುರುಗಡೆಯ ಟೈಲರ್ ಮಿಷನ್ ನಿಲ್ಲಿಸಿ ಓಡಿ ಬಂದ. ಕರೆಯದೆ ಬರುವುದರಲ್ಲಿ ಅವನದು ಎತ್ತಿದ ಕೈ. "ತೋಳು ಹಾಗಿರ್ಲಿ ಯಜಮಾನ್ರೇ, ಕುತ್ತಿಗೆ ಬಿಗಿ ಮಾಡಿ. ಗಾಳಿ ಹೋಗಿ ಮಗೂಗೆ ಶೀತ ಆದ್ರೆ ಬೀಗಿತ್ತಿ ಸುಮ್ನಿರ್ತಾರಾ?"

ಬೀಗಿತ್ತಿ ಎಂದೊಡನೆ ಅರ್ಧಣ್ಣನ ಕೈ ತಾನಾಗಿಯೇ ಸೂಜಿ ದಾರ ತೆಗೆದು ಸ್ವೆಟರಿನ ಕುತ್ತಿಗೆಯನ್ನು ಬಿಗಿ ಮಾಡಿತು.

ಅವರಿಬ್ಬರನ್ನೂ ಸಾಗಹಾಕಿ ಅವನು ಮನೆಯೆಲ್ಲ ಜಾಲಾಡಿದ. ಕೋಣೆಯ ಬಾಗಿಲ ಹಿಂದೆ ಮೊಳೆಗೆ ಹೆಂಡತಿಯ ಬಟ್ಟೆ ಚೀಲವೊಂದು ನೇತಾಡುತ್ತಿತ್ತು. ಬಾಯಿಗೆ ಬಿಗಿಯಾದ ಗಂಟು, ಗಂಟಿನ ಸಂದಿಯಿಂದ ಇಣುಕುತ್ತಿದ್ದ ಹಳದಿ ಎಳೆ. ಅಬ್ಬಾ, ಜಿಪುಣಿ! ನೂಲು ಬಚ್ಚಿಟ್ಟುಕೊಂಡು ತಮಾಷೆ ನೋಡುತ್ತಿದ್ದಾಳೆ!

ಗಂಟು ಬಿಚ್ಚಲು ಧೈರ್ಯ ಸಾಲಲಿಲ್ಲ. ಅವಳು ಹಾಕಿದ ಗಂಟನ್ನು ಅವಳ ಹಾಗೆಯೇ ಮತ್ತೆ ಹಾಕುವುದು ಅವನಿಂದಾಗದ ಮಾತು. ಮೆಲ್ಲಗೆ ಎಳೆ ಹಿಡಿದೆಳೆದ, ಸರಾಗವಾಗಿ ಬಂತು. ಬಾಗಿಲ ಹಿಂದೆಯೇ ಕುರ್ಚಿ ಹಾಕಿಕೊಂಡು ಹೆಣೆಯುತ್ತ ಕೂತ. ಬಸ್ಸು ಗಂಟೆಗಟ್ಟಲೆ ತಡವಾದದ್ದು ಅವನ ಪುಣ್ಯ. ಎಳೆ ಯಾಕೋ ಸುರುಳಿ ಸುರುಳಿಯಾಗಿತ್ತು. ಹಳೆ ನೂಲು, ಮುದುರಿಕೊಂಡಿದೆ ಪಾಪ, ಎಂದುಕೊಂಡ. ತೋಳು ಮುಗಿಸಿ, ಕತ್ತರಿಸಿ, ಜೋಡಿಸಿದಾಗ ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ಜನ್ಮದಲ್ಲಿ ಮೊದಲ ಬಾರಿ ಏನೋ ಒಂದನ್ನು ಮುಗಿಸಿದ್ದ!

ಹೊರಗೆ ಆಟೋ ನಿಂತಿತು. ಮಗಳು, ಮೊಮ್ಮಗಳು, ಬೀಗಿತ್ತಿ, ಹಿಂದಿನಿಂದ ಹೆಂಡತಿ. ಟೀಚರಮ್ಮ, ಟೈಲರ್ ಕೂಡ ಒಳಗೇ ಬಂದು ನಿಂತರು. ಅರ್ಧಣ್ಣ ಸ್ವೆಟರನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದ.

"ಅಪ್ಪಾ, ಪೂರ್ತಿ ಮಾಡಿದ್ದೀಯಾ!" ಮಗಳ ಕಣ್ಣು ಅರಳಿತು. ಬೀಗಿತ್ತಿ ಕನ್ನಡಕ ಹಾಕಿಕೊಂಡು ತೋಳು ಎಣಿಸಿದರು.

ಮಗುವಿನ ತಲೆಗೆ ಸ್ವೆಟರ್ ಏರಿಸಿದರು. ಅದು ಹಣೆಯ ಹತ್ತಿರ ನಿಂತಿತು. ಎಳೆದರೆ ಇಳಿಯದು. ಮಗು ಸೂರು ಹಾರಿಹೋಗುವಂತೆ ಕಿರುಚಿಕೊಂಡಿತು. "ನಾನು ಬರೀ ಸಲಹೆ ಕೊಟ್ಟಿದ್ದು," ಎನ್ನುತ್ತ ಟೈಲರ್ ಬಾಗಿಲ ಕಡೆ ಸರಿದ.

ಅರ್ಧಣ್ಣನಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಆಗ ಹೆಂಡತಿ ಮುಂದೆ ಬಂದಳು.

"ಅಷ್ಟಕ್ಕೆಲ್ಲ ಯಾಕೆ ಗಾಬರಿ? ಇವರು ಇನ್ನೊಂದು ಹೆಣೆದಿದ್ದಾರೆ. ಹೇಳ್ಕೊಳ್ಳೋಕೆ ಸಂಕೋಚ, ನಾನೇ ಎತ್ತಿಟ್ಟಿದ್ದೆ." ಹಾಗೆಂದು ಅವನ ಕಡೆ ಕಣ್ಣು ಹೊಡೆದು ಒಳಗೆ ಹೋದಳು.

ಅವನ ಎದೆ ತುಂಬಿ ಬಂತು. ಅವನ ಮಾನ ಉಳಿಸಲು ಕದ್ದುಮುಚ್ಚಿ ಹೆಣೆದಿದ್ದಾಳೆ, ಮಹಾತಾಯಿ! ಕಣ್ಣೊರೆಸಿಕೊಳ್ಳುತ್ತಿದ್ದವನಿಗೆ ಅವಳ ಕೈಯಲ್ಲಿ ಬಾಗಿಲ ಹಿಂದಿನ ಅದೇ ಬಟ್ಟೆ ಚೀಲ ಕಂಡಿತು.

ಗಂಟು ಬಿಚ್ಚಿದಳು. ಮುದ್ದಾದ ಹಳದಿ ಸ್ವೆಟರ್ ಹೊರಬಂತು. ಅಗಲವಾದ ಕುತ್ತಿಗೆ, ಪುಟ್ಟ ಗುಂಡಿಗಳು, ಒಂದೇ ಒಂದು ತೋಳು. ಇನ್ನೊಂದು ಕಡೆ ಬಿಚ್ಚಿಹೋದ ಕುಣಿಕೆಗಳು ಜೋಲಾಡುತ್ತಿದ್ದವು.

ಹೆಂಡತಿ ಅದನ್ನು ನೋಡಿದಳು. ಆಮೇಲೆ ಅವನ ಸ್ವೆಟರಿನ ಹಳದಿ ತೋಳನ್ನು ನೋಡಿದಳು. ಆಮೇಲೆ ಅವನನ್ನು.

"ಇದನ್ನೂ ಅರ್ಧಕ್ಕೇ ಬಿಟ್ರಾ ಬೀಗ್ರೇ?" ಬೀಗಿತ್ತಿ ಕೇಳಿದರು.

"ಹೂಂ," ಎಂದ ಅರ್ಧಣ್ಣ. ನಿಜ ಹೇಳಿದ್ದರೆ ಕಳ್ಳನೂ ಆಗುತ್ತಿದ್ದ.

"ಮುಗಿಸ್ತಾರೆ ಬಿಡಿ," ಹೆಂಡತಿ ಕುರ್ಚಿ ಎಳೆದುಕೊಂಡಳು. "ಈಗ್ಲೇ ಮುಗಿಸ್ತಾರೆ. ನಾನು ಎದುರಿಗೇ ಕೂತಿರ್ತೀನಿ."