ಬೀಗ ನೋಡಲು ಹೊರಟ ಮಂಕಿ ಕ್ಯಾಪು

ನನ್ನಲ್ಲೊಂದು ದೌರ್ಬಲ್ಯವಿದೆ. ಏನನ್ನಾದರೂ ಕೊಳ್ಳುವ ಮೊದಲು ಅದರ ಬಗ್ಗೆ ತಿಳಿದುಕೊಳ್ಳಲು ಹೊರಡುತ್ತೇನೆ. ತಿಳಿಯುವ ರುಚಿ ಹತ್ತಿತೆಂದರೆ ಕೊಳ್ಳುವುದನ್ನೇ ಮರೆಯುತ್ತೇನೆ. ಪ್ರೆಶರ್ ಕುಕ್ಕರಿನ ವಿಷಯದಲ್ಲಿ ಆದದ್ದೂ ಅದೇ. ಅದರ ವಾಲ್ವು ಹೇಗೆ ಕೆಲಸ ಮಾಡುತ್ತದೆಂದು ನಾನು ಕಂಡಕಂಡವರಿಗೆಲ್ಲ ವಿವರಿಸುತ್ತಿದ್ದ ಕಾಲದಲ್ಲಿ ನಮ್ಮ ಮನೆಯ ಬೇಳೆ ಇನ್ನೂ ಬರೀ ಪಾತ್ರೆಯಲ್ಲೇ ಬೇಯುತ್ತಿತ್ತು.

ಎಪ್ಪತ್ತರ ದಶಕದ ಕೊನೆಗೆ ನಾವು ಜೆ.ಪಿ. ನಗರದಲ್ಲಿ ಮನೆ ಕಟ್ಟಿಸಿ ಬಂದೆವು. ಆಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬಂದ ಆರು ತಿಂಗಳಿಗೆ ಹಿಂದಿನ ಕ್ರಾಸಿನ ಮನೆಯೊಂದರ ಬಚ್ಚಲಿನಿಂದ ತಾಮ್ರದ ಹಂಡೆ ಕಳುವಾಯಿತು. ಕಳ್ಳ ಹಂಡೆಯ ನೀರನ್ನು ಅಲ್ಲಿದ್ದ ಬಕೆಟುಗಳಿಗೆ ತುಂಬಿಸಿಟ್ಟು ಹೋಗಿದ್ದನಂತೆ. ಅವನ ಅಚ್ಚುಕಟ್ಟುತನ ನನಗೆ ಹಿಡಿಸಿತು. ನನ್ನ ಹೆಂಡತಿ ಕಮಲಳಿಗೆ ಮಾತ್ರ ಎದೆ ಧಸಕ್ಕೆಂದಿತು.

"ಮುಂದಿನ ತಿಂಗಳು ಮೈಸೂರಲ್ಲಿ ನನ್ನ ತಮ್ಮನ ಮದುವೆ. ಅಷ್ಟರೊಳಗೆ ಒಂದು ಗಟ್ಟಿ ಬೀಗ ತಂದ್ರೆ ಸರಿ. ಇಲ್ಲಾಂದ್ರೆ ನೀವೇ ಮನೆ ಕಾಯ್ಕೊಂಡು ಬಿದ್ದಿರಿ" ಎಂದಳು.

ಮದುವೆಮನೆಯ ಚಿರೋಟಿಯನ್ನು ಬಿಟ್ಟಿರುವುದು ನನ್ನಿಂದ ಆಗದ ಮಾತು. ಅಂದೇ ಸಂಶೋಧನೆ ಶುರುವಾಯಿತು. ಆಫೀಸಿನಲ್ಲಿ ವಿಚಾರಿಸಿದರೆ ಒಬ್ಬರು ಬೀಗದ ಕೈಯನ್ನು ಮೀಟರ್ ಬಾಕ್ಸಿನಲ್ಲಿಡುತ್ತೇವೆಂದರು, ಇನ್ನೊಬ್ಬರು ದಾಸವಾಳದ ಕುಂಡದ ಕೆಳಗೆ ಎಂದರು. ನಾನು ಕೇಳದಿದ್ದವರೂ ಬಂದು ತಾವಿಡುವ ಜಾಗ ಹೇಳಿದರು. ಜಯನಗರದ ಅಂಗಡಿಯವನು ಏಳು ಲಿವರಿನ ಬೀಗ ತೋರಿಸಿದ. ಅದರ ಹೊಟ್ಟೆಯೊಳಗೇನಿದೆ, ಬಿಚ್ಚಿ ತೋರಿಸಪ್ಪಾ ಎಂದೆ. "ಬಿಚ್ಚೋಕಾಗಲ್ಲ ಅಂತಾನೇ ಸಾರ್ ಅದನ್ನ ಮಾಡಿರೋದು!" ಎಂದು ಬೀಗವನ್ನು ಒಳಗಿಟ್ಟುಬಿಟ್ಟ.

ಉಳಿದದ್ದು ಕಣ್ಣಾರೆ ನೋಡುವ ದಾರಿ. ಡಿಸೆಂಬರಿನ ಚಳಿಗೆ ಮಂಕಿ ಕ್ಯಾಪು ಹಾಕಿಕೊಂಡು, ಮಫ್ಲರು ಸುತ್ತಿಕೊಂಡು, ಪುಟ್ಟ ನೋಟುಬುಕ್ಕು ಹಿಡಿದು ಬೆಳಗಿನ ವಾಕಿಂಗ್ ಆರಂಭಿಸಿದೆ. ಸಿಕ್ಕ ಗೇಟುಗಳ ಚಿಲಕವನ್ನೆಲ್ಲ ಎತ್ತಿ ಇಳಿಸಿದೆ. ಯಾವುದು ಕಿರುಗುಟ್ಟುತ್ತದೆ, ಯಾವುದು ಸದ್ದಿಲ್ಲದೆ ಜಾರುತ್ತದೆ ಎಂದು ಬರೆದುಕೊಂಡೆ. 'ನಾಯಿ ಇದೆ ಎಚ್ಚರಿಕೆ' ಎಂಬ ಬೋರ್ಡಿನ ಮುಂದೆ ಹತ್ತು ನಿಮಿಷ ನಿಂತು, ಕೆಮ್ಮಿ, ಗೇಟು ಅಲ್ಲಾಡಿಸಿ, ನಾಯಿ ಇಲ್ಲವೆಂದು ಖಾತ್ರಿ ಮಾಡಿಕೊಂಡೆ. ಜೀವನದಲ್ಲಿ ಅಷ್ಟು ಸುಖವಾದ ಹದಿನೈದು ದಿನಗಳನ್ನು ನಾನು ಕಳೆದದ್ದೇ ಕಡಿಮೆ.

ಹದಿನೈದು ದಿನ ಮುಗಿದ ಭಾನುವಾರ ಎದುರುಮನೆಯ ನಿವೃತ್ತ ಮೇಷ್ಟ್ರು ಶೇಷಗಿರಿಯವರ ವರಾಂಡದಲ್ಲಿ ನಿವಾಸಿಗಳ ಸಭೆ ಸೇರಿತು. ಕಳ್ಳತನ ತಡೆಯುವ ಬಗ್ಗೆ ಎಂದಿದ್ದರಿಂದ ಏನಾದರೂ ಹೊಸ ವಿಷಯ ತಿಳಿದೀತೆಂದು ನೋಟುಬುಕ್ಕಿನ ಸಮೇತ ಹೋಗಿ ಮುಂದಿನ ಸಾಲಿನಲ್ಲೇ ಕುಳಿತೆ. ಪಕ್ಕದಲ್ಲಿ ಕಮಲ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಹಂಡೆ ಕದ್ದೋನು ಮತ್ತೆ ಓಡಾಡ್ತಿದಾನೆ ಕಣ್ರೀ. ಬೆಳಗಿನ ಹೊತ್ತು ಬರ್ತಾನೆ. ಮಂಕಿ ಕ್ಯಾಪು, ಮಫ್ಲರು, ಮುಖ ಕಾಣ್ಸಲ್ಲ. ಒಂದೊಂದೇ ಗೇಟು ಅಲ್ಲಾಡ್ಸಿ ಬರ್ಕೊಂಡು ಹೋಗ್ತಾನೆ. ಎಷ್ಟು ಧೈರ್ಯ ನೋಡಿ!"

ನಾನು ನೋಟುಬುಕ್ಕನ್ನು ಮೆಲ್ಲಗೆ ತೊಡೆಯ ಕೆಳಗೆ ಸರಿಸಿದೆ. ಕಮಲ ನನ್ನತ್ತ ಒಮ್ಮೆ ನೋಡಿದಳು. ಎದ್ದುನಿಂತು ನಿಜ ಹೇಳಿಬಿಡೋಣವೆನ್ನಿಸಿತು. ಆದರೆ ಹೊಸ ಬಡಾವಣೆ, ಹೊಸ ಜನ. ಹಂಡೆಯವರು ಬೇರೆ ನನ್ನ ಬೆನ್ನ ಹಿಂದೆಯೇ ಕುಳಿತಿದ್ದರು. ನಿಜವಾಗಿಯೂ ಹೆದರಿದೆ. ಕಾವಲಿಗೆ ಯಾರು ಬರುತ್ತೀರಿ ಎಂದು ಮೇಷ್ಟ್ರು ಕೇಳಿದ್ದೇ ತಡ, ಎಲ್ಲರಿಗಿಂತ ಮೊದಲು ಕೈ ಎತ್ತಿದೆ.

ಈ ಗಾಬರಿಯಲ್ಲಿ ಬೀಗದ ಅಂಗಡಿಯ ಕಡೆ ತಲೆಹಾಕಲೂ ಮನಸ್ಸಾಗಲಿಲ್ಲ. ನಮ್ಮ ತಂದೆಯ ಕಾಲದ, ಜೋರಾಗಿ ಜಗ್ಗಿದರೆ ತಾನೇ ತೆರೆದುಕೊಳ್ಳುವ ಬೀಗವನ್ನೇ ಜಡಿದು ಇಬ್ಬರೂ ಮೈಸೂರಿಗೆ ಹೊರಟೆವು. ಮದುವೆಮನೆಯಲ್ಲಿ ಚಿರೋಟಿ ಎಲೆಯಲ್ಲೇ ಉಳಿಯಿತು. ಅಷ್ಟು ಕಷ್ಟಪಟ್ಟು ಕಟ್ಟಿದ ಮನೆ ಖಾಲಿಯಾಗಿದ್ದರೆ ಕಮಲಳಿಗೆ ಹೇಗೆ ಮುಖ ತೋರಿಸಲಿ?

ನಾಲ್ಕನೆಯ ದಿನ ಹಿಂತಿರುಗಿದಾಗ ಬೀಗ ಇದ್ದಂತೆಯೇ ಇತ್ತು. ನಮ್ಮ ಗೇಟಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಮೇಷ್ಟ್ರು ಕುಳಿತಿದ್ದರು. ಕೈಯಲ್ಲಿ ಕೊಡೆ, ಪಕ್ಕದಲ್ಲಿ ಫ್ಲಾಸ್ಕು.

"ಇಷ್ಟು ದಿನವೂ ನಾವು ಸರದಿ ಮೇಲೆ ನಿಮ್ಮನೇನೇ ಕಾದ್ವಿ ಸಾರ್" ಎಂದರು. "ಆ ಮನುಷ್ಯ ನಿಮ್ಮ ಗೇಟೊಳಗೆ ನುಗ್ಗಿದ್ದನ್ನ ನಮ್ಮನೆಯವಳು ಎರಡು ಸಲ ನೋಡಿದಾಳೆ. ಕಮಲಮ್ಮ ಹೆದರ್ಕೋತಾರೆ ಅಂತ ಹೇಳ್ಲಿಲ್ಲ. ಆದ್ರೆ ವಿಚಿತ್ರ ನೋಡಿ, ನೀವು ಕಾವಲಿಗೆ ಕೈ ಎತ್ತಿದಾಗಿಂದ ಅವನ ಸುಳಿವೇ ಇಲ್ಲ!"

"ಇನ್ಮೇಲೂ ಬರಲ್ಲ ಬಿಡಿ ಮೇಷ್ಟ್ರೇ" ಎಂದಳು ಕಮಲ.

ಮರುದಿನವೇ ಹಳೆಬಟ್ಟೆಗೆ ಪಾತ್ರೆ ಕೊಡುವವಳು ಬಂದಾಗ ನನ್ನ ಮಂಕಿ ಕ್ಯಾಪು, ಮಫ್ಲರು ಎರಡೂ ಹೋಗಿ ಒಂದು ಪುಟ್ಟ ಸ್ಟೀಲ್ ಡಬ್ಬಿ ಮನೆಗೆ ಬಂತು. ಬೀಗದ ಕೈ ಈಗ ಅದರಲ್ಲಿರುತ್ತದೆ. ಡಬ್ಬಿಯನ್ನು ಎಲ್ಲಿಡುತ್ತಾಳೆಂದು ಕಮಲ ನನಗೆ ಇಂದಿಗೂ ಹೇಳಿಲ್ಲ. ಹೇಳಿದ್ದರೆ ಇಷ್ಟು ಹೊತ್ತಿಗೆ ನಿಮಗೂ ಹೇಳಿಬಿಟ್ಟಿರುತ್ತಿದ್ದೆ.