ಮಾಫಿಯ ಮರುತಪಾಸಣೆ

ನಮ್ಮ ಕಾಕಾನಿಗೆ ದೇವರಿದ್ದಾನೆ ಎಂಬುದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. ಅನುಮಾನವೆಲ್ಲ ಅವನ ಒಳ್ಳೆಯತನದ ಮೇಲೆ!

ಒಳ್ಳೆಯತನ ಎಲ್ಲಿ ಕಂಡರೂ ಅವರು ಅದನ್ನು ಮಗುಚಿ ತಳ ನೋಡುತ್ತಾರೆ. ದಾಂಡೇಲಿಯ ಮೆಕ್ಯಾನಿಕ್ ಒಬ್ಬ ಅವರ ಸ್ಕೂಟರಿನ ಬ್ರೇಕ್ ಬಿಗಿ ಮಾಡಿ, "ರೊಕ್ಕ ಬ್ಯಾಡ್ರಿ ಚಾಚಾ" ಅಂದ. ಕಾಕಾ ಸ್ಕೂಟರನ್ನು ಎದುರಿನ ಗ್ಯಾರೇಜಿಗೆ ತಳ್ಳಿಕೊಂಡು ಹೋಗಿ, "ಅಂವಾ ಏನ್ ಬಿಚ್ಚಿಕೊಂಡಾನ ನೋಡು" ಅಂದರು. ಏನೂ ಬಿಚ್ಚಿರಲಿಲ್ಲ. ನೋಡಿದ್ದಕ್ಕೆ ಇವನು ದುಡ್ಡು ತೆಗೆದುಕೊಂಡ. ಕಾಕಾನಿಗೆ ಇವನ ಮೇಲೆ ಪೂರ್ಣ ವಿಶ್ವಾಸ ಬಂತು!

ಮನೆಯಲ್ಲೂ ಅಷ್ಟೇ. ಕಾಕಿ ಒಂದು ಚಮಚ ತುಪ್ಪ ಹೆಚ್ಚು ಹಾಕಿದರೆ, "ಯಾಕ, ತವರಿಗೆ ಹೋಗೂದೈತೇನು?"

ನಾನೇನು ಕಡಿಮೆಯೇ? ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಹಳಿಯಾಳ ಬಸ್‌ಸ್ಟ್ಯಾಂಡಿನಿಂದ ಮನೆಗೆ ಓಡಿ ಬರುವ ಪ್ರಾಣಿ ನಾನು. ಅಂಥವನಿಗೆ, ಕಾಕಾ ಶನಿವಾರ ಬಂದರೆ ಇಸ್ತ್ರಿ ಅಂಗಿ ತೊಟ್ಟು, ಒಮ್ಮೆ ಮುಂಡಗೋಡ, ಒಮ್ಮೆ ದಾಂಡೇಲಿ ಎಂದು ಗುಟ್ಟಾಗಿ ಬಸ್ ಹತ್ತುವುದು ತಿಳಿದರೆ ನಿದ್ದೆ ಬಂದೀತೇ? ಈ ವಯಸ್ಸಿನಲ್ಲಿ ಇನ್ನೊಂದು ಸಂಸಾರವೇ? ಅದೂ ಎರಡೂರಿನಲ್ಲಿ?

ಮುಖಕ್ಕೆ ಟವೆಲ್ ಸುತ್ತಿಕೊಂಡು ಒಂದು ಶನಿವಾರ ಹಿಂಬಾಲಿಸಿದೆ. ದಾಂಡೇಲಿಯಲ್ಲಿ ಇಳಿದ ಕಾಕಾ ನೇರವಾಗಿ ಚರ್ಚಿಗೆ ಹೋಗಿ, ಪಾಪನಿವೇದನೆಯ ಸಾಲಿನಲ್ಲಿ ನಿಂತರು. ಫಾದರ್ ಕಿವಿಯಲ್ಲಿ ತಪ್ಪು ಹೇಳಿಕೊಂಡು, ದೇವರ ಹೆಸರಿನಲ್ಲಿ ಮಾಫಿ ಪಡೆಯುವ ಸಾಲು ಅದು. ಸರದಿ ಮುಗಿಸಿ ಹೊರಗೆ ಬಂದು ನನ್ನೆದುರೇ ನಿಂತರು.

"ಟವೆಲ್ ತಗಿ. ಆ ಮೂಗು ನಮ್ಮ ಮನಿತನದ್ದು, ಮುಚ್ಚಿದ್ರ ಮುಚ್ಚತೈತೇನು? ನಿಮ್ಮ ಕಾಕಿ ಕಳಿಸ್ಯಾಳ?"

"ಇಲ್ಲ ಕಾಕಾ. ಅಲ್ಲಾ, ಹಳಿಯಾಳದಾಗ ಫಾದರ್ ಇಲ್ಲೇನು?"

"ಅದಾರ. ಮಾಫ್ ಆತು ಅಂದ್ರು. ಭಾಳ ಲಗೂನ ಅಂದ್ರು, ಅದಕ್ಕ ಸಂಶೆ ಬಂತು. ಮುಂಡಗೋಡದಾಗ ಕೇಳಿದ್ರ ಅವರೂ ಆತು ಅಂದ್ರು. ಎಲ್ಲಾರೂ ಮಾತಾಡ್ಕೊಂಡಾರೋ ತಮ್ಮಾ!"

"ಇಲ್ಲಿಯವರು?"

"ಬೈದ್ರು. ದೇವರು ಮಾಡಿದ ಮಾಫಿನ ಮರುತಪಾಸಣಿ ಮಾಡಾಕ ನೀ ಯಾರು ಅಂದ್ರು." ಬೈದವರನ್ನು ಸ್ವಲ್ಪ ನಂಬಬಹುದೇನೋ ಎಂಬ ಆಸೆ ಅವರ ಮುಖದಲ್ಲಿತ್ತು.

ನಾನು ನಗುತ್ತಲೇ ಕೇಳಿದೆ: "ಅಂಥಾದ್ದೇನ್ ಮಾಡೀರಿ ಕಾಕಾ?"

ಅವರು ಹೇಳಿದರು. ನನ್ನ ನಗು ನಿಂತಿತು. ಅವರ ಚೊಚ್ಚಲ ಕೂಸು ಜ್ವರದಲ್ಲಿ ತೀರಿಕೊಂಡ ದಿನ ಕಾಕಾ ಹಳಿಯಾಳದ ಸಂತೆಯಲ್ಲಿ ಕುಡಿದು ಬಿದ್ದಿದ್ದರಂತೆ. ಮನೆಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಭಾನುವಾರದ ಪೂಜೆಯಲ್ಲಿ ಫಾದರ್ ಕೊಡುವ ಪರಮಪ್ರಸಾದವನ್ನು ಪಾಪ ಮಾಫ್ ಆಗದವರು ತೆಗೆದುಕೊಳ್ಳುವಂತಿಲ್ಲ. ಅದಕ್ಕೆ ಊರೆಲ್ಲ ಎದ್ದು ಹೋಗುವಾಗ ಇವರೊಬ್ಬರೇ ಬೆಂಚಿನಲ್ಲಿ ಕೂತಿರುವುದು ಮೊಣಕಾಲು ನೋವಿಗೆ ಎಂದು ನಾನು ಇಷ್ಟು ವರ್ಷ ನಂಬಿದ್ದೆ!

"ಕಾಕಿನ್ನ ಕೇಳೀರೇನು?"

"ಆಕಿ ಅವತ್ತ ಮಾಫ್ ಮಾಡೇನಿ ಅಂತಾಳ. ಮಾಫ್ ಮಾಡಿದಾಕಿ ತುಪ್ಪ ಯಾಕ ಹಾಕ್ತಾಳ?"

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆಯೇ? ಮನೆಗೆ ಬಂದವನೇ ಕಾಕಾನೆದುರೇ ಎಲ್ಲ ಒದರಿಬಿಟ್ಟೆ. ಅಕ್ಕಿ ಆರಿಸುತ್ತಿದ್ದ ಕಾಕಿ ಮೊರ ಕೆಳಗಿಟ್ಟಳು.

"ನೀವು ಕುಡಿದು ಬಿದ್ದಿದ್ದು ನಿಮಗ ನೆನಪೈತಿ. ನನಗ ನೆನಪಿರೂದು ಬ್ಯಾರೆ. ಕೂಸಿನ ಕುಣಿ ತೋಡಾಕ ಯಾರನ್ನೂ ಮುಟ್ಟಗೊಡಲಿಲ್ಲ ನೀವು. ಕೈಯೆಲ್ಲಾ ರಕ್ತ. ಆಮ್ಯಾಲೆ ಕುಡ್ಯೂದು ಮುಟ್ಟೇ ಇಲ್ಲ."

"ಖರೇ ಮಾಫ್ ಮಾಡೀ?"

"ಖರೇ ಇಲ್ಲದಿದ್ರ ನಿಮ್ಮಂಥಾ ಸಂಶೆಗೇಡಿ ಜೋಡಿ ಇಷ್ಟು ವರ್ಷ ಯಾರ್ ಬಾಳ್ವೆ ಮಾಡ್ತಾರ್ರೀ?"

ಮರುದಿನ ಪೂಜೆಯಲ್ಲಿ ಜನ ಪರಮಪ್ರಸಾದಕ್ಕೆ ಎದ್ದರು. ಕಾಕಾ ಕೂತೇ ಇದ್ದರು. ಆಮೇಲೆ ಎದ್ದರು. ಬಾಗಿಲ ಕಡೆಗೇ ನಡೆದುಬಿಡುತ್ತಾರೆಂದು ನನಗೆ ಗುಮಾನಿ. ಇಲ್ಲ, ಸಾಲಿಗೇ ಹೋದರು. ಹಿಂದೆ ಕಾಕಿ, ಅವಳ ಹಿಂದೆ ನಾನು. ಫಾದರ್ ಪ್ರಸಾದವನ್ನು ಮೇಲೆತ್ತಿ "ಕ್ರಿಸ್ತನ ಶರೀರ" ಅಂದರು. ಆಮೆನ್ ಅನ್ನಬೇಕಾದ ಕಾಕಾ ಇಡೀ ಚರ್ಚಿಗೆ ಕೇಳುವಂತೆ, "ನನಗೇನ್ರೀ?" ಅಂದರು.

ಯಾರೂ ನಗಲಿಲ್ಲ.

"ನಿಮಗ ರೀ," ಅಂದರು ಫಾದರ್.

ಕಾಕಾ ಬಾಯಿ ತೆರೆದರು. ಅನ್ನಬೇಕಾದದ್ದನ್ನು ಮರೆತು ನಾಲಿಗೆ ಚಾಚಿದರು. ಹಿಂದಿನಿಂದ ಕಾಕಿಯೇ ಮೆಲ್ಲಗೆ ಅಂದಳು: "ಆಮೆನ್."